ಮಕ್ಕಳ ಕೈಗೆ ನೀರಿನ ಕಿರ್ದಿ ಕೊಡಿ

ಪ್ರತಿ ವರ್ಷ ಮಾರ್ಚ್ 22 ಬಂದೊಡನೆ ಶಾಲೆಗಳಲ್ಲಿ ವಿಶ್ವ ಜಲದಿನದ ಮೆರವಣಿಗೆ ಹೊರಡುತ್ತದೆ. ‘ನೀರು ಉಳಿಸಿ’ ಎಂಬ ಫಲಕ ಹಿಡಿದು ಮಕ್ಕಳು ಬಿಸಿಲಿನಲ್ಲಿ ನಡೆಯುತ್ತಾರೆ. ಗಣ್ಯರು ಭಾಷಣ ಮಾಡುತ್ತಾರೆ, ಬಹುಮಾನ ಹಂಚುತ್ತಾರೆ, ಮನೆಗೆ ಹೋಗುತ್ತಾರೆ. ಮರುದಿನವೂ ಶಾಲೆಯ ಅಂಗಳದ ನಲ್ಲಿ ಸೋರುತ್ತಲೇ ಇರುತ್ತದೆ.

ಗಿರಣಿ ಕಾರ್ಮಿಕನ ಮಗಳಿಗೆ ನೀರು ಉಳಿಸೆಂದು ಉಪದೇಶ ಮಾಡಬೇಕೆ? ನಲ್ಲಿ ಬರುವ ಹೊತ್ತಿಗೆ ನಿದ್ದೆಗೆಟ್ಟು ಕಾದು ಕೊಡ ತುಂಬುವವಳು ಅವಳು. ಅಕ್ಕಿ ತೊಳೆದ ನೀರನ್ನೂ ಚೆಲ್ಲದ ಮನೆಯಲ್ಲಿ ಬೆಳೆದವಳು ಅವಳು. ಅವಳಿಗೆ ಶಾಲೆ ಕಲಿಸಬೇಕಾದುದು ನೀರಿನ ಲೆಕ್ಕ. ಅಂಗಡಿಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಿರ್ದಿ ಬರೆಯದವನಿಗೆ ಎಲ್ಲಿ ಸೋರಿತು, ಯಾರು ಕೊಂಡೊಯ್ದರು ಎಂಬುದು ತಿಳಿಯುವುದೇ ಇಲ್ಲ.

ಈ ಲೆಕ್ಕವನ್ನು ಪುಸ್ತಕದಿಂದ ಕಲಿಸಲಾಗದು, ಕೈಯಿಂದ ಕಲಿಯಬೇಕು. ಸೋರುವ ನಲ್ಲಿಯ ಕೆಳಗೆ ಮಕ್ಕಳು ಹತ್ತು ನಿಮಿಷ ಒಂದು ಸೀಸೆ ಇಡಲಿ. 150 ಮಿಲಿಲೀಟರ್ ತುಂಬಿದರೆ ದಿನಕ್ಕೆ 21 ಲೀಟರಿಗೂ ಹೆಚ್ಚು ಪೋಲು. ನೇರ ಗೋಡೆಯ, ಸಮ ತಳದ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಮಳೆ ನಿಂತಮೇಲೆ ಒಳಗಿನ ನೀರಿನ ಎತ್ತರವನ್ನು ಅಳೆಯಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 200 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಸುರಿದರೆ 1,20,000 ಲೀಟರ್. ಐದನೆಯ ಒಂದು ಪಾಲು ಹಾಳಾಯಿತೆಂದರೂ 96,000 ಲೀಟರ್ ಕೈಗೆ ಸಿಕ್ಕುತ್ತದೆ. ಅದು ಇನ್ನೂರು ಮಕ್ಕಳಿಗೆ ದಿನಕ್ಕೆ ಎರಡು ಲೀಟರಿನಂತೆ 240 ದಿನದ ನೀರು! ಮಾಳಿಗೆ ಗುಡಿಸಿ, ಮೊದಲ ಮಳೆಯನ್ನು ಹೊರಬಿಟ್ಟು, ಸೋಸಿ, ತೊಟ್ಟಿಯಲ್ಲಿ ಹಿಡಿದಷ್ಟು ಹಿಡಿದು, ಮಿಕ್ಕದ್ದನ್ನು ಇಂಗುಗುಂಡಿಗೆ ಬಿಡಬೇಕು.

ಮೂರನೆಯ ಪಾಠ ಮನೆಯದು. ಒಂದು ವಾರ ಪ್ರತಿ ಮಗುವೂ ತನ್ನ ಮನೆಗೆ ಬಂದ ಕೊಡಗಳನ್ನು ಎಣಿಸಿ ಬರೆಯಲಿ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರವೇ ಒಪ್ಪಿದ ಅಳತೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಯವರಿಗೆ 55 ಲೀಟರ್. ಈ ತಾರತಮ್ಯವೇಕೆ ಎಂದು ಮಗು ಕೇಳಲಿ. ಐದು ಜನರ ಮನೆಗೆ ನಗರದ ಲೆಕ್ಕದಲ್ಲಿ 675 ಲೀಟರ್, ಅಂದರೆ 15 ಲೀಟರಿನ 45 ಕೊಡ ಬರಬೇಕು. ಕಾರ್ಮಿಕರ ಕೇರಿಗೆ ಎಷ್ಟು ಬಂತು, ಬಂಗಲೆಗಳ ಬಡಾವಣೆಗೆ ಎಷ್ಟು ಹೋಯಿತು ಎಂಬುದನ್ನು ಒಂದೇ ತರಗತಿಯ ಮಕ್ಕಳ ಪುಸ್ತಕಗಳು ತೋರಿಸಿಕೊಡುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಲಾಯಿತು. ಬರ ಎಲ್ಲರಿಗೂ ಬಂದರೂ ಬಾಯಾರಿಕೆ ಸಮನಾಗಿ ಹಂಚಿಕೆಯಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೈಕೆಲಸದ ಮೂಲಕ ವಿದ್ಯೆ ಎಂಬ ಗಾಂಧೀಜಿಯ ವಿಚಾರ 1937ರ ವಾರ್ಧಾ ಸಮ್ಮೇಳನದಿಂದ ದೇಶಕ್ಕೆ ಪರಿಚಿತವಾದುದು, ಒಳ್ಳೆಯದು. ಆದರೆ ಯಾರ ಕೈ? 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದನ್ನು ನಾಡು ಕಂಡಿದೆ. ಅದನ್ನು ಪಾಠವೆನ್ನಲಾದೀತೆ? ಶಾಲೆಯಲ್ಲಿ ಜವಾನನಿಲ್ಲದ ದಿನ ತಮಗೆ ನೀರೇ ಇರಲಿಲ್ಲವೆಂದು ಡಾ. ಅಂಬೇಡ್ಕರರು ಬರೆದಿದ್ದಾರೆ. ಅದೇ ಅಂಬೇಡ್ಕರರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ಜಲದಿನಕ್ಕೆ ಎರಡೇ ದಿನ ಮುಂಚೆ ಬರುವ ಆ ದಿನವನ್ನು ನಮ್ಮ ಶಾಲೆಗಳು ಏಕೆ ಮರೆಯಬೇಕು? ಕೊಡ ಹೊರುವ ಸರದಿ ಗಂಡುಮಕ್ಕಳಿಗೂ ಬರಲಿ, ಎಲ್ಲ ಜಾತಿಯವರಿಗೂ ಬರಲಿ. ಅಳತೆಗೋಲು ಹೆಣ್ಣುಮಕ್ಕಳ ಕೈಗೂ ಸಿಗಲಿ. ಗುಂಡಿ ತೋಡುವ, ಮಾಳಿಗೆ ಹತ್ತುವ ಕೆಲಸ ಕೂಲಿ ಪಡೆಯುವ ದೊಡ್ಡವರದು. ಅಳೆಯುವುದು, ಬರೆಯುವುದು, ಪ್ರಶ್ನಿಸುವುದು ಮಕ್ಕಳದು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಪ್ರತಿ ಸರ್ಕಾರಿ ಶಾಲೆಯ ಮಾಳಿಗೆಗೂ ಸರ್ಕಾರದ ಹಣದಿಂದಲೇ ಕೊಳವೆ, ತೊಟ್ಟಿ, ಇಂಗುಗುಂಡಿ ಆಗಬೇಕು. ದಾನಿಗಳನ್ನು ಹುಡುಕಿರೆಂದು ಉಪಾಧ್ಯಾಯರ ತಲೆಗೆ ಕಟ್ಟಕೂಡದು. ಮಕ್ಕಳ ನೀರಿನ ಕಿರ್ದಿಯನ್ನು ತಿಂಗಳಿಗೊಮ್ಮೆ ಶಾಲಾಭಿವೃದ್ಧಿ ಸಮಿತಿಯ ಮುಂದೆ ಓದಿ, ಪ್ರತಿಯನ್ನು ವಾರ್ಡಿನ ಸದಸ್ಯರಿಗೆ ಕಳಿಸಬೇಕು.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ, ಸಮಿತಿಯ ಸಭೆಗೆ ತಪ್ಪದೆ ಹೋಗಿರಿ. ನಿಮ್ಮ ಮಗು ಬರೆದ ಅಂಕಿಗಳನ್ನು ಗಟ್ಟಿಯಾಗಿ ಓದಿಸಿರಿ. ಉತ್ತರ ಹೇಳಬೇಕಾದವರು ಎದುರಿಗೆ ಕುಳಿತು ಕೇಳಲಿ.