ಹಾವಿನ ಹಸಿವು, ಸಾಕುವವನ ಹೊಣೆ

ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ ನಾರ್ಸಿಸ್ ಎಂಬ ಸ್ಥಳವಿದೆ. ಚಳಿಗಾಲ ಕಳೆದೊಡನೆ ಅಲ್ಲಿನ ಸುಣ್ಣಕಲ್ಲಿನ ಬಿಲಗಳಿಂದ ಹತ್ತಾರು ಸಾವಿರ ಹಾವುಗಳು ಹೊರಬರುತ್ತವೆ. ಮೈಯುದ್ದಕ್ಕೂ ಪಟ್ಟೆ ಹೊತ್ತ ಈ ತೆಳು ದೇಹದ ಜೀವಿಗೆ ಗಾರ್ಟರ್ ಹಾವು ಎಂದು ಹೆಸರು. ಮನುಷ್ಯನ ಪ್ರಾಣಕ್ಕೆ ಇದರಿಂದ ಅಪಾಯವಿಲ್ಲದ ಕಾರಣ ಉತ್ತರ ಅಮೆರಿಕದ ಅನೇಕ ಮನೆಗಳಲ್ಲಿ ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವುದುಂಟು. ಸಾಕುವವರು ಅಕ್ಕರೆಯಿಂದಲೇ ಉಣಿಸುತ್ತಾರೆ. ಆದರೂ ಹಲವು ಹಾವುಗಳು ರೋಗಕ್ಕೆ ತುತ್ತಾಗುವುದು ಆ ಉಣಿಸುವಿಕೆಯಿಂದಲೇ.

ಕಾಡಿನಲ್ಲಿ ಇದರ ಆಹಾರ ಎರೆಹುಳು, ಕಪ್ಪೆ, ಸಣ್ಣ ಮೀನು, ಆಗೊಮ್ಮೆ ಈಗೊಮ್ಮೆ ಇಲಿಮರಿ. ಮನೆಯಲ್ಲಿ ಸಾಕುವವರಿಗೆ ಸುಲಭವಾಗಿ ದೊರೆಯುವುದು ಅಂಗಡಿಯ ಗೋಲ್ಡ್‌ಫಿಶ್. ಈ ಮೀನಿನಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದ್ದು, ಅದು ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ನಾಶಪಡಿಸುತ್ತದೆ. ದಿನವೂ ಹೊಟ್ಟೆ ತುಂಬಿದರೂ ಹಾವಿನ ನರಮಂಡಲ ಒಳಗೊಳಗೇ ಸೊರಗುತ್ತದೆ. ಕೊನೆಗೆ ಅದು ತಲೆ ತಿರುಚಿ, ಮೈ ಸೆಟೆದು, ಸೆಳವಿನಿಂದ ಸಾಯಲೂಬಹುದು. ಇಂಥ ಮೀನನ್ನು ಕೊಡಲೇಬೇಕಾದರೆ 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಐದು ನಿಮಿಷ ಇರಿಸಿ, ಆರಿಸಿ ಕೊಡುವುದು ರೂಢಿ. ಆ ಶಾಖಕ್ಕೆ ಕಿಣ್ವ ನಿಷ್ಕ್ರಿಯವಾಗುತ್ತದೆ.

ಎರೆಹುಳುವಿನಲ್ಲಿಯೂ ವಿವೇಚನೆ ಬೇಕು. ಮಣ್ಣಿನಲ್ಲಿ ಆಳವಾಗಿ ಬಿಲ ಕೊರೆಯುವ ದೊಡ್ಡ ಎರೆಹುಳು ಗಾರ್ಟರ್ ಹಾವಿಗೆ ಒಳ್ಳೆಯ ಆಹಾರ. ಎರೆಗೊಬ್ಬರದ ತೊಟ್ಟಿಯಲ್ಲಿ ಬೆಳೆಸುವ ಕೆಂಪು ಜಾತಿಯ ಹುಳು ಅದಕ್ಕೆ ವಿಷ. ಹೊರನೋಟಕ್ಕೆ ಎರಡೂ ಎರೆಹುಳುಗಳೇ. ತಿನ್ನುವ ಜೀವಿಗೆ ಮಾತ್ರ ಅವು ಬೇರೆ ಬೇರೆ.

ಏನನ್ನು ಉಣಿಸಬೇಕೆಂಬುದರಷ್ಟೇ ಮುಖ್ಯವಾದುದು ಉಂಡದ್ದು ಹೇಗೆ ಅರಗುತ್ತದೆ ಎಂಬುದು. ನಮ್ಮ ದೇಹ ತನ್ನ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಹಾವು ಅದನ್ನು ಹೊರಗಿನಿಂದ ಪಡೆಯಬೇಕು. ಆದುದರಿಂದ ಪೆಟ್ಟಿಗೆಯ ಒಂದು ಬದಿಯನ್ನು ಸುಮಾರು 30 ಡಿಗ್ರಿಯಷ್ಟು ಬೆಚ್ಚಗಿರಿಸಿ, ಇನ್ನೊಂದು ಬದಿಯನ್ನು ತಂಪಾಗಿ ಬಿಡುತ್ತಾರೆ. ಮೈಗೆ ಶಾಖ ಸಾಲದಿದ್ದರೆ ನುಂಗಿದ ಆಹಾರ ಅರಗದೆ ಹೊಟ್ಟೆಯಲ್ಲಿಯೇ ಕೊಳೆಯತೊಡಗುತ್ತದೆ. ಹಾವು ಅದನ್ನು ಕಕ್ಕಿಬಿಡುತ್ತದೆ. ತುತ್ತು ತನ್ನ ಮೈಯ ದಪ್ಪಕ್ಕಿಂತ ಮಿಗಿಲಾದಾಗಲೂ, ಉಂಡ ಕೂಡಲೇ ಯಾರಾದರೂ ಎತ್ತಿ ಆಡಿಸಿದಾಗಲೂ ಹೀಗಾಗುತ್ತದೆ. ಉಣಿಸಿದ ಮೇಲೆ ಎರಡು ದಿನ ಅದನ್ನು ಮುಟ್ಟಬಾರದೆಂಬ ನಿಯಮ ಇದಕ್ಕಾಗಿಯೇ. ಒಮ್ಮೆ ಕಕ್ಕಿದ ಹಾವಿಗೆ ಮರುಕದಿಂದ ಮರುದಿನವೇ ಮತ್ತೆ ಉಣಿಸುವುದು ಇನ್ನೂ ಕೆಟ್ಟದ್ದು. ಕೆಲವು ದಿನ ನೀರು ಮಾತ್ರ ಕೊಟ್ಟು, ಬಳಿಕ ಸಣ್ಣ ತುತ್ತಿನಿಂದ ಆರಂಭಿಸಬೇಕು. ಮರಳು, ಜಲ್ಲಿಗಳ ಮೇಲೆ ಆಹಾರವಿಟ್ಟರೆ ಅವೂ ಒಳಸೇರಿ ಕರುಳನ್ನು ಕಟ್ಟಬಲ್ಲವು. ಒಂದು ತಟ್ಟೆಯಿದ್ದರೆ ಈ ತೊಂದರೆಯಿಲ್ಲ.

ಈ ದೂರದ ಹಾವಿಗೆ ನಮ್ಮ ತೋಡು, ಗದ್ದೆಗಳಲ್ಲಿಯೂ ಬಂಧುವಿದೆ. ಮೀನು, ಕಪ್ಪೆಗಳನ್ನು ತಿಂದು ಬದುಕುವ ನೀರೊಳ್ಳೆ ಅದೇ ಕುಟುಂಬದ್ದು. ಮಕ್ಕಳು ಇದನ್ನೋದಿ ಅದನ್ನು ಹಿಡಿದು ತರಲು ಹೊರಡಬಾರದು. ನಮ್ಮ ನಾಡಿನ ಹಾವುಗಳನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಅವುಗಳ ಊಟದ ವ್ಯವಸ್ಥೆಯನ್ನು ಗದ್ದೆಯೇ ನೋಡಿಕೊಳ್ಳುತ್ತದೆ.

ಆದರೂ ಹಾವಿಗೆ ಉಣಿಸುವ ಒಂದು ಪ್ರಸಂಗ ನಮ್ಮಲ್ಲಿಯೂ ಬರುತ್ತದೆ. ನಾಗರಪಂಚಮಿಯಂದು ನಾಗನಕಲ್ಲಿಗೆ ಹಾಲೆರೆಯುವುದು ಹಿರಿಯರು ನಡೆಸಿಕೊಂಡು ಬಂದ ಭಕ್ತಿಯ ಕ್ರಮ. ಅದರಿಂದ ಯಾವ ಹಾವಿಗೂ ನೋವಿಲ್ಲ. ಬುಟ್ಟಿಯಲ್ಲಿ ಹೊತ್ತು ತಂದ ಜೀವಂತ ಹಾವಿನ ಬಾಯಿಗೆ ಹಾಲಿಡುವುದು ಬೇರೆಯ ಮಾತು. ಹಾಲು ಸಸ್ತನಿಗಳ ಮರಿಗಳಿಗೆ ಮೀಸಲಾದ ಆಹಾರ. ಹಾವಿನ ಜಠರ ಅದನ್ನು ಅರಗಿಸಲಾರದು. ದಿನಗಟ್ಟಲೆ ನೀರಿಲ್ಲದೆ ಬಳಲಿದ ಹಾವು ಎದುರಿಗೆ ಬಂದ ಯಾವ ದ್ರವವನ್ನಾದರೂ ಕುಡಿದೀತು. ಅದನ್ನು ಕಂಡು ಹಾವಿಗೆ ಹಾಲು ಪ್ರಿಯವೆಂದು ನಾವು ಸಂತೋಷಪಡುತ್ತೇವೆ. ಅದು ಕೇಳುತ್ತಿದ್ದುದು ನೀರನ್ನು.

ಈ ಸಲದ ಹಬ್ಬದಲ್ಲಿ ಬುಟ್ಟಿಯ ಹಾವು ಅಂಗಳಕ್ಕೆ ಬಂದರೆ, ಹಾಲಿನ ಲೋಟ ಒಳಗೇ ಇರಲಿ. ಏಕೆಂದು ಮಗು ಕೇಳಿದಾಗ ಹೇಳಲು ಕಾರಣ ನಮ್ಮ ಬಳಿ ಇದೆ.