ಬ್ಯಾಟರಿ ಬರಿದಾದ ಕಾರನ್ನು ಚಾಲೂ ಮಾಡುವ ಕ್ರಮ

ಸಾಗರ ತಾಲ್ಲೂಕಿನ ಕಾರ್ಗಲ್ಲು ವಿದ್ಯುಚ್ಛಕ್ತಿಯ ತವರಿನ ನೆರೆಯಲ್ಲಿರುವ ಊರು. ಜೋಗದ ವಿದ್ಯುದಾಗಾರವು 1948ರಲ್ಲಿ ಕೆಲಸಕ್ಕೆ ತೊಡಗಿತು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ವಿದ್ಯುದಾಗಾರವೊಂದೇ ಈಗ 1035 ಮೆಗಾವಾಟ್ ಶಕ್ತಿಯನ್ನು ಉತ್ಪಾದಿಸಬಲ್ಲುದು. ಇಷ್ಟೆಲ್ಲ ಇದ್ದರೂ, ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಮೂರು ನಾಲ್ಕು ವಾರ ಕದಲದೆ ನಿಂತ ಕಾರು, ಕೇವಲ 12 ವೋಲ್ಟಿನ ಬ್ಯಾಟರಿಯಲ್ಲಿ ಬಲವಿಲ್ಲದೆ ಮೊಂಡುಬೀಳುವುದುಂಟು. ಮನೆಯಲ್ಲಿ ಜ್ವರದಿಂದ ಬಳಲುವ ಮಗುವೋ ದಿನ ತುಂಬಿದ ಬಸುರಿಯೋ ಇದ್ದು, ಸಾಗರದ ಆಸ್ಪತ್ರೆಗೆ ಹೊರಡಬೇಕಾದ ಹೊತ್ತಿನಲ್ಲಿ ಹೀಗಾದರೆ ಗೃಹಸ್ಥನ ಪಾಡೇನು? ನೆರೆಮನೆಯವರ ಜೀಪಿನ ಬ್ಯಾಟರಿಯಿಂದ ಕೇಬಲ್ಲುಗಳ ಮೂಲಕ ಶಕ್ತಿಯನ್ನು ಎರವಲು ಪಡೆಯುವುದೇ ಆಗಿನ ಉಪಾಯ. ಈ ಕೆಲಸ ಸುಲಭವಾದುದು. ಆದರೆ ಕ್ರಮ ತಪ್ಪಿದರೆ ಕಣ್ಣಿಗೇ ಅಪಾಯವಾಗಬಹುದು. ಆದುದರಿಂದ ಅದರ ಕ್ರಮವನ್ನೂ ಕಾರಣವನ್ನೂ ಇಲ್ಲಿ ವಿವರಿಸುವೆವು.

ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಶಕ್ತಿಯನ್ನು ಕೂಡಿಡುವ ಈ ಬಗೆಯ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ ಎಂಬ ವಿಜ್ಞಾನಿಯು 1859ರಲ್ಲಿ ರಚಿಸಿದನು. ಮೊದಲಿನ ಮೋಟಾರುಗಳನ್ನು ಮುಂದುಗಡೆ ಹಿಡಿಕೆ ಹಾಕಿ ತಿರುಗಿಸಬೇಕಾಗಿದ್ದಿತು; ಅದು ಹಿಂದಕ್ಕೆ ಒದೆದು ಕೈ ಮುರಿದುಕೊಂಡವರುಂಟು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ತಿನ ಸ್ಟಾರ್ಟರು ಬಂದ ಮೇಲೆ ಆ ಕಷ್ಟವು ಕ್ರಮೇಣ ತಪ್ಪಿತು. ಆದರೆ ಆ ಭಾರವು ಬ್ಯಾಟರಿಯ ಮೇಲೆ ಬಿದ್ದಿತು. ತುಂಬಿದ ಬ್ಯಾಟರಿಯು ಸುಮಾರು 12.6 ವೋಲ್ಟು ತೋರಿಸುವುದು. 12ಕ್ಕಿಂತ ಕೆಳಗಿಳಿದರೆ ಹೆಚ್ಚುಕಡಮೆ ಬರಿದಾದಂತೆಯೇ ಸರಿ.

ಬ್ಯಾಟರಿಯಿಂದ ಜಲಜನಕವೆಂಬ ಅನಿಲವು ಹೊರಡುವುದು. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೂ ಸಾಕು, ಒಂದು ಕಿಡಿಯಿಂದ ಹೊತ್ತಿಕೊಳ್ಳಬಲ್ಲುದು. ಆಗ ಪೆಟ್ಟಿಗೆಯೇ ಒಡೆದು ಆಮ್ಲವು ಮುಖಕ್ಕೆ ಸಿಡಿಯಬಹುದು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟರೆ ಮುಂದಿನ ನಿಯಮಗಳೆಲ್ಲವೂ ತಾವಾಗಿಯೇ ಅರ್ಥವಾಗುವುವು.

ಮೊದಲು ಸಿದ್ಧತೆ. ಎರಡು ಬಂಡಿಗಳ ಬ್ಯಾಟರಿಯೂ 12 ವೋಲ್ಟಿನದಾಗಿರಬೇಕು. ಲಾರಿ ಬಸ್ಸುಗಳಲ್ಲಿ ಸಾಮಾನ್ಯವಾಗಿ 24 ವೋಲ್ಟು ಇರುವುದರಿಂದ ಅವುಗಳ ಸಹಾಯವನ್ನು ಕೇಳಕೂಡದು. ಬಂಡಿಗಳು ಒಂದಕ್ಕೊಂದು ತಗಲದಂತೆ ನಿಲ್ಲಿಸಿ, ಎರಡರ ಎಂಜಿನ್ನನ್ನೂ ಆರಿಸಿ, ಗೇರನ್ನು ತಟಸ್ಥದಲ್ಲಿಟ್ಟು, ಹ್ಯಾಂಡ್‌ಬ್ರೇಕು ಎಳೆದು, ದೀಪ ಫ್ಯಾನುಗಳನ್ನೆಲ್ಲ ನಿಲ್ಲಿಸತಕ್ಕದ್ದು. ಬೀಡಿ, ಬೆಂಕಿಕಡ್ಡಿ, ಚಿಮಣಿದೀಪಗಳು ಹತ್ತಿರ ಸುಳಿಯಕೂಡದು. ರಾತ್ರಿಯಾದರೆ ಟಾರ್ಚೇ ಆಗಬೇಕು. ಉಂಗುರ, ಬಳೆ, ಲೋಹದ ಗಡಿಯಾರಪಟ್ಟಿಗಳನ್ನು ತೆಗೆದಿಡುವುದು ಒಳ್ಳೆಯದು. ಅವು ಎರಡು ಧ್ರುವಗಳ ನಡುವೆ ಸಿಕ್ಕಿದರೆ ಕ್ಷಣದಲ್ಲಿ ಕಾದು ಚರ್ಮವನ್ನು ಸುಡುವುವು. ಕನ್ನಡಕವಿದ್ದರೆ ಧರಿಸಿರಿ, ಮಕ್ಕಳನ್ನು ದೂರ ನಿಲ್ಲಿಸಿರಿ. ಬ್ಯಾಟರಿಯು ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ, ಸೋರುತ್ತಿದ್ದರೆ ಈ ಪ್ರಯತ್ನವನ್ನೇ ಮಾಡಬೇಡಿರಿ.

ಇನ್ನು ಜೋಡಿಸುವ ಕ್ರಮ. ಕೆಂಪು ಕೇಬಲ್ಲಿನ ಒಂದು ಕ್ಲಿಪ್ಪನ್ನು ಬರಿದಾದ ಬ್ಯಾಟರಿಯ ಧನಧ್ರುವಕ್ಕೆ, ಅಂದರೆ ಕೂಡುಗುರುತಿರುವ ಕಡೆಗೆ, ಕಚ್ಚಿಸಿರಿ. ಕೆಂಪಿನ ಇನ್ನೊಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಧನಧ್ರುವಕ್ಕೆ ಕಚ್ಚಿಸಿರಿ. ಮೂರನೆಯದಾಗಿ, ಕಪ್ಪು ಕೇಬಲ್ಲನ್ನು ಒಳ್ಳೆಯ ಬ್ಯಾಟರಿಯ ಋಣಧ್ರುವಕ್ಕೆ, ಅಂದರೆ ಕಳೆಗುರುತಿರುವ ಕಡೆಗೆ, ಸೇರಿಸಿರಿ. ನಾಲ್ಕನೆಯ ಹಾಗೂ ಕಡೆಯ ಕ್ಲಿಪ್ಪನ್ನು ಮಾತ್ರ ಬರಿದಾದ ಬ್ಯಾಟರಿಗೆ ಸೇರಿಸಬೇಡಿರಿ. ಅದೇ ಕಾರಿನ ಎಂಜಿನ್ನಿನ ಮೇಲೆ, ಬ್ಯಾಟರಿಯಿಂದ ದೂರದಲ್ಲಿ, ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ ಕಚ್ಚಿಸಿರಿ. ಕಡೆಯ ಸಂಪರ್ಕದಲ್ಲಿ ಸಣ್ಣ ಕಿಡಿ ಹಾರುವುದು ಸಹಜ. ಆ ಕಿಡಿಯು ಜಲಜನಕವಿರುವ ಕಡೆ ಹಾರದಿರಲೆಂಬುದೇ ಇದರ ಮರ್ಮ. ಕೇಬಲ್ಲುಗಳು ಫ್ಯಾನಿಗೂ ಬೆಲ್ಟಿಗೂ ತಾಕದಂತಿರಲಿ.

ಬಳಿಕ ಒಳ್ಳೆಯ ಬಂಡಿಯನ್ನು ಚಾಲೂ ಮಾಡಿ ಐದು ನಿಮಿಷ ಬಿಟ್ಟು, ಮೊಂಡುಬಿದ್ದ ಕಾರಿನ ಬೀಗದಕೈಯನ್ನು ತಿರುಗಿಸಿರಿ. ಒಂದು ಸಲಕ್ಕೆ ಹತ್ತು ಸೆಕೆಂಡು ಮೀರಕೂಡದು. ನಡುವೆ ಒಂದು ನಿಮಿಷ ವಿರಾಮವಿರಲಿ. ಮೂರು ನಾಲ್ಕು ಯತ್ನಕ್ಕೂ ಎಂಜಿನ್ನು ಏಳದಿದ್ದರೆ ದೋಷವು ಬೇರೆಡೆ ಇರಬಹುದೆಂದು ತಿಳಿದು ಮೆಕ್ಯಾನಿಕ್ಕನ್ನು ಕರೆಯಿಸಿರಿ. ಎದ್ದರೆ, ಕ್ಲಿಪ್ಪುಗಳನ್ನು ತಿರುಗುಮುರುಗಾಗಿ ತೆಗೆಯತಕ್ಕದ್ದು: ಮೊದಲು ಎಂಜಿನ್ನಿನ ಮೇಲಣ ಕಪ್ಪು, ಆಮೇಲೆ ಒಳ್ಳೆಯ ಬ್ಯಾಟರಿಯ ಕಪ್ಪು, ಅದರ ಕೆಂಪು, ಕಡೆಗೆ ಬರಿದಾದುದರ ಕೆಂಪು. ತೆಗೆಯುವಾಗ ಕ್ಲಿಪ್ಪುಗಳು ಒಂದಕ್ಕೊಂದು ತಾಕದಿರಲಿ.

ಕಾರು ಎದ್ದ ಮಾತ್ರಕ್ಕೆ ಬ್ಯಾಟರಿ ತುಂಬಿತೆಂದು ಭಾವಿಸಬಾರದು. ನಡುದಾರಿಯಲ್ಲಿ ಆರಿಸದೆ ಕಾರ್ಗಲ್ಲಿನಿಂದ ತಾಳಗುಪ್ಪದ ಮಾರ್ಗವಾಗಿ ಸಾಗರದವರೆಗೆ ಓಡಿಸಿದರೆ ಸ್ವಲ್ಪ ಬಲ ಕೂಡುವುದು. ಅಲ್ಲಿ ಪರೀಕ್ಷೆ ಮಾಡಿಸಿ ಚಾರ್ಜು ಹಾಕಿಸುವುದು ಯುಕ್ತ.

ಮಲೆನಾಡಿನಲ್ಲಿ ಕಾರನ್ನು ಇಳಿಜಾರಿನಲ್ಲಿ ತಳ್ಳಿ ಚಾಲೂ ಮಾಡುವ ರೂಢಿಯೂ ಇದೆ. ಎಂಜಿನ್ನು ಓಡದಿರುವಾಗ ಈಗಿನ ಕಾರುಗಳ ಬ್ರೇಕೂ ಸ್ಟಿಯರಿಂಗೂ ಬಹಳ ಬಿಗಿಯಾಗುವುವು. ಮಳೆಯಲ್ಲಿ ನೆನೆದ ಘಟ್ಟದ ತಿರುವಿನಲ್ಲಿ ಇದು ಪ್ರಾಣಾಪಾಯದ ಮಾತು. ಆಟೋಮ್ಯಾಟಿಕ್ ಗೇರಿನ ಕಾರನ್ನಂತೂ ತಳ್ಳಿ ಪ್ರಯೋಜನವಿಲ್ಲ. ಹೈಬ್ರಿಡ್ ಹಾಗೂ ವಿದ್ಯುತ್ ಕಾರುಗಳಲ್ಲಿ ಇಲ್ಲಿ ಹೇಳಿದ ಕ್ರಮವನ್ನು ಅನುಸರಿಸದೆ, ಕಾರಿನ ಕೈಪಿಡಿಯಲ್ಲಿ ಹೇಳಿರುವಂತೆಯೇ ನಡೆಯಬೇಕು.

ಆಮ್ಲವು ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ಬಿಡದೆ ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಕಣ್ಣಿಗೆ ಹಾಲು, ಎಣ್ಣೆ, ಸೋಡಾಗಳನ್ನು ಹಾಕಲೇಕೂಡದು.

ಇಂತಹ ಪ್ರಸಂಗವನ್ನು ಮೊದಲೇ ತಪ್ಪಿಸಿಕೊಳ್ಳುವುದು ಜಾಣತನ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಕಾರನ್ನು ರಸ್ತೆಯಲ್ಲಿ ಓಡಿಸಿರಿ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಮಾತ್ರ ಎಂಜಿನ್ನನ್ನು ಓಡಲು ಬಿಡಬಾರದು. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿರುವುದು. ಧ್ರುವಗಳ ಮೇಲೆ ಕಟ್ಟಿದ ಬಿಳಿ ಹಸುರು ಪುಡಿಯನ್ನು ಆಗಾಗ ತೆಗೆಸಿರಿ.

ಜೋಡಿಸುವ ನಾಲ್ಕು ಹೆಜ್ಜೆಗಳನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು, ಕೇಬಲ್ಲಿನ ಚೀಲದೊಳಗೇ ಇಟ್ಟಿರಿ. ಯಜಮಾನರು ಊರಲ್ಲಿಲ್ಲದಾಗಲೂ ಮಗುವಿಗೆ ಜ್ವರ ಬರುವುದುಂಟು. ಆದುದರಿಂದ ಕಾರು ನಡೆಸಬಲ್ಲ ಗೃಹಿಣಿಯರೂ ಬೆಳೆದ ಮಕ್ಕಳೂ ಅದನ್ನು ಒಮ್ಮೆ ಹಗಲಿನಲ್ಲಿ ಓದಿ, ಯಾವ ಧ್ರುವ ಎಲ್ಲಿದೆಯೆಂದು ಕಣ್ಣಾರೆ ನೋಡಿಕೊಂಡಿರಲಿ.