ಎಲ್ಲಿಯ ಕಾಲಿಗೂ ಸವಕಳಿ ಹಾಕಿ (ಬೇಸ್‌ಬಾಲ್ ಮಾತು, ಭಾಗ 4)

ಹೌದು, ಹೆಸರೇ ಎಲ್ಲಿ. ಎಲ್ಲಿ ಡೆ ಲಾ ಕ್ರೂಸ್. ಕ್ಯಾಚರ್ ಚೆಂಡು ಹಿಡಿದು ತಲೆ ಎತ್ತೋ ಹೊತ್ತಿಗೆ ಇವನು ಮುಂದಿನ ಬೇಸಲ್ಲಿ ಇರ್ತಾನೆ, ಕನ್ನಡದಲ್ಲೇ ಈ ಹೆಸರು ಹೆಚ್ಚು ಹೊಂದತ್ತೆ ಅನ್ಸತ್ತೆ ನಂಗೆ. ಡೊಮಿನಿಕನ್ ರಿಪಬ್ಲಿಕ್ ಹುಡುಗ, ಸಿನ್ಸಿನಾಟಿ ರೆಡ್ಸ್ ತಂಡದ ಶಾರ್ಟ್‌ಸ್ಟಾಪ್, ಆರೂವರೆ ಅಡಿ ಹತ್ತಿರ ಎತ್ತರ. 2018ರಲ್ಲಿ ಇವನನ್ನ ತಗೊಂಡಾಗ ರೆಡ್ಸ್ ಕೊಟ್ಟಿದ್ದು ಬರೀ 65,000 ಡಾಲರ್.

ಕಳೆದ ಭಾಗ ಹಾಕಿದ ಮೇಲೆ ನಿಮ್ಮಲ್ಲಿ ಸುಮಾರು ಜನರದ್ದು ಒಂದೇ ಜಗಳ. ಇವನ ಪವರ್ ದೊಡ್ಡದಾ, ಸ್ಪೀಡ್ ದೊಡ್ಡದಾ? ಒಂದೇ ಸೀಸನ್ನಲ್ಲಿ 40 ಹೋಂ ರನ್, 70 ಸ್ಟೀಲ್ ಯಾವಾಗ ಮಾಡ್ತಾನೆ?

ಇವೆರಡನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ. ಬಿಕಾಂ ಮಕ್ಕಳು ನೀವು, ಸವಕಳಿ ಲೆಕ್ಕ ಮಾಡಿದ್ದೀರಲ್ಲ? ಪವರ್ ಜಮೀನು ಇದ್ದ ಹಾಗೆ, ಬೇಗ ಸವೆಯಲ್ಲ. ಸ್ಪೀಡ್ ಮೆಷಿನ್ ಇದ್ದ ಹಾಗೆ, ಓಡಿಸಿದಷ್ಟೂ ಬೆಲೆ ಇಳಿಯತ್ತೆ. ಒಂದು ಸ್ಟೀಲ್ ಅಂದ್ರೆ 90 ಅಡಿ ಬೇಸಿನ ಕಡೆ ಜೀವ ಬಿಟ್ಟು ಓಡಿ, ಕೊನೆಗೆ ಮಣ್ಣಿಗೆ ಮೈ ಕೊಟ್ಟು ಜಾರೋದು. ರೊನಾಲ್ಡ್ ಅಕುನ್ಯಾನ್ನ ನೋಡಿ. 2023ರಲ್ಲಿ 41 ಹೋಂ ರನ್, 73 ಸ್ಟೀಲ್. 2024ರ ಮೇ ತಿಂಗಳಲ್ಲಿ ಮಂಡಿಯ ಲಿಗಮೆಂಟ್ ಹರೀತು. 2025ರಲ್ಲಿ ವಾಪಸ್ ಬಂದು ನೂರಕ್ಕಿಂತ ಕಮ್ಮಿ ಪಂದ್ಯದಲ್ಲೇ 21 ಹೋಂ ರನ್ ಹೊಡೆದ. ಸ್ಟೀಲ್ ಎಷ್ಟು? 9. ಜಮೀನು ಉಳೀತು, ಮೆಷಿನ್ ನಿಂತ್ಹೋಯ್ತು.

ಈಗ ಎಲ್ಲಿ ಲೆಕ್ಕಕ್ಕೆ ಬನ್ನಿ. 2023ರ ಜುಲೈನಲ್ಲಿ ಮಿಲ್ವಾಕಿ ಎದುರು ಎರಡೇ ಎಸೆತದ ಅಂತರದಲ್ಲಿ ಸೆಕೆಂಡ್, ಥರ್ಡ್, ಹೋಮ್ ಮೂರೂ ಕದ್ದ ಮಾರಾಯ ಇವನು. ಆ ರೀಲ್ ನೀವೆಲ್ಲ ಹತ್ತು ಸಲ ನೋಡಿರ್ತೀರಿ. 2024ರಲ್ಲಿ 25 ಹೋಂ ರನ್, 67 ಸ್ಟೀಲ್. ಅಷ್ಟು ಸ್ಟೀಲ್ ಆ ವರ್ಷ ಮೇಜರ್ ಲೀಗಲ್ಲಿ ಯಾರೂ ಮಾಡ್ಲಿಲ್ಲ. ಅದೇ ವರ್ಷ ಸ್ಟ್ರೈಕ್‌ಔಟ್ 218, ಅದರಲ್ಲೂ ಇವನೇ ನಂಬರ್ ಒನ್. ಇದನ್ನ ಯಾಕೆ ಯಾರೂ ಸ್ಟೋರಿ ಹಾಕಲ್ಲ? 218 ಸಲ ಆ ಕಾಲು ಸುಮ್ನೆ ಡಗೌಟಿಗೆ ನಡ್ಕೊಂಡು ಹೋಗಿ ಕೂತಿದೆ. ಫಸ್ಟ್ ಬೇಸಿಗೇ ಬರದವನು ಏನನ್ನ ಕದೀತಾನೆ ಹೇಳಿ.

2025ರಲ್ಲಿ ಸ್ಟ್ರೈಕ್‌ಔಟ್ 181ಕ್ಕೆ ಇಳೀತು, ಒಳ್ಳೇದೇ. ಆದ್ರೆ ಸ್ಟೀಲೂ 37ಕ್ಕೆ ಬಂತು. ಅದೂ 162ಕ್ಕೆ 162 ಪಂದ್ಯ ಆಡಿ, ಸೀಸನ್ನಿನ ಕೊನೇ ಭಾಗ ತೊಡೆ ನೋವಲ್ಲೇ ಓಡಿ. ಅದನ್ನ "ಡೆಡಿಕೇಶನ್" ಅಂತ ಹೊಗಳಿದೋರು ತುಂಬ ಜನ. ನಂಗೆ ಹೊಟ್ಟೆ ಉರೀತು. ಇಪ್ಪತ್ಮೂರು ವರ್ಷದ ಹುಡುಗನ ತೊಡೆ ಅದು ಕಣ್ರಪ್ಪ, ಸರ್ಕಾರಿ ಬಸ್ ಅಲ್ಲ. ಹತ್ತು ಪಂದ್ಯ ಕೂರಿಸಿದ್ರೆ ರೆಡ್ಸ್ ಮುಳುಗಿ ಹೋಗ್ತಿತ್ತಾ?

ನಾನು ಕೇಳೋದಿಷ್ಟೇ. 40 ಹೋಂ ರನ್ ಬೇಡ, 25 ಸಾಕು. ಎರಡು ಸ್ಟ್ರೈಕ್ ಆದ್ಮೇಲೆ ಬ್ಯಾಟ್ ಸ್ವಲ್ಪ ಚಿಕ್ಕದಾಗಿ ಬೀಸ್ಲಿ, ಹೊರಗೆ ಹೋಗೋ ಚೆಂಡನ್ನ ಬಿಟ್ಟು ವಾಕ್ ತಗೊಳ್ಲಿ. ಹೋಂ ರನ್ ಹೊಡೆಯೋಕೆ ಮೂವತ್ತು ದಾಟಿದ ಮೇಲೂ ಟೈಮ್ ಇದೆ, ಈ ಕಾಲು ಆಗ ಇರಲ್ಲ.

ಒಪ್ಪಲ್ಲ ಅನ್ನೋರು ಕಾಮೆಂಟಲ್ಲಿ ಬನ್ನಿ. ಆದ್ರೆ ಅದೇ ಮಿಲ್ವಾಕಿ ರೀಲ್ ಮತ್ತೆ ಕಳಿಸ್ಬೇಡಿ, 218ಕ್ಕೆ ಉತ್ತರ ಹೇಳಿ.